ಏಕಾದಶಿಯ ದಿನದ ಸಹಿ

ಹೋಟೆಲಿನಲ್ಲಿ ಇಡ್ಲಿ ಬಂದರೆ ನಾನು ಮೊದಲು ಅದನ್ನು ತಿರುವಿ ಹಾಕಿ ಕೆಳಗಿನ ಮೈ ನೋಡುತ್ತೇನೆ. ನೆಂಟರ ಮನೆಯಲ್ಲಿ ಮಲಗುವ ಪ್ರಸಂಗ ಬಂದರೆ ದಿಂಬನ್ನು ಮೂಸಿಯೇ ತಲೆ ಇಡುವುದು. ಇದನ್ನು ಯಾರಾದರೂ ಕಾಯಿಲೆ ಅಂದರೆ ಅನ್ನಲಿ. ಮಹಾಪೆಯ ಒಂದು ಔಷಧಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿಯೇ ಊಟ ಮಾಡಿದವಳು ನಾನು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು, ಸರಿ, ಆದರೆ ಈ ಕಣ್ಣು ಎಲ್ಲಿಗೆ ಹೋಗಬೇಕು? ಡೊಂಬಿವಲಿಯ ನಮ್ಮ ಸೊಸೈಟಿಯ ಕಸದ ಡಬ್ಬಿಯಿಂದ ಹಿಡಿದು ಗಣಪತಿ ಪ್ರಸಾದದವರೆಗೆ ಎಲ್ಲದರ ಮೇಲೂ ಬಿತ್ತು. "ನೀ ದೇವ್ರು ಬಂದು ಬಾಗಲಾಗ ನಿಂತ್ರೂ ಐಡಿ ಕಾರ್ಡ್ ಕೇಳಾಕಿ" ಎಂದು ನನ್ನ ಗಂಡ ನಗುತ್ತಿದ್ದರು. ಕೇಳಬೇಕಾದದ್ದೇ ಎಂದು ನನ್ನ ವಾದ.

ಇಂಥ ಕಣ್ಣು ನಮಗೂ ಬೇಕು ಎಂದು ಹೇಳಿಯೇ ನನ್ನನ್ನು ಹುಡುಗಿಯರ ಆಶ್ರಯಧಾಮದ ಸಮಿತಿಗೆ ಸೇರಿಸಿಕೊಂಡದ್ದು. ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ವಲಯದಲ್ಲಿ ಮೂರು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ. ಗಾಳಿ ಈ ಕಡೆ ತಿರುಗಿದರೆ ಕಾರ್ಖಾನೆಗಳ ವಾಸನೆ ನೇರವಾಗಿ ಕಿಟಕಿಯೊಳಗೆ. ಹತ್ತರಿಂದ ಹದಿನೇಳು ವರ್ಷದ ಇಪ್ಪತ್ತಾರು ಹುಡುಗಿಯರು ಅಲ್ಲಿದ್ದರು. ಕೆಲವರಿಗೆ ತಂದೆ ತಾಯಿ ಇರಲಿಲ್ಲ, ಕೆಲವರಿಗೆ ಇದ್ದೂ ಇರಲಿಲ್ಲ. ಸಮಿತಿಯಲ್ಲಿ ನಾವು ಐದು ಜನ. ಅಧ್ಯಕ್ಷರು ಬಾಗಲಕೋಟೆ ಕಡೆಯವರು, ಪಕ್ಕದ ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು, ಇಬ್ಬರು ಮರಾಠಿ ಶಿಕ್ಷಕಿಯರು, ಮತ್ತು ವಿಜಯಪುರದ ನಾನು. ಮಕ್ಕಳಿರುವ ಜಾಗ ಹೇಗಿರಬೇಕೆಂದು ಇಲಾಖೆಯವರು ಕೊಟ್ಟ ದಪ್ಪ ಪುಸ್ತಕವನ್ನು ಪೂರ್ತಿ ಓದಿದವಳು ನಾನೊಬ್ಬಳೇ ಎಂಬ ಹೆಮ್ಮೆ ನನಗಿತ್ತು. ಇಷ್ಟು ಮಕ್ಕಳಿಗೆ ಒಂದು ಶೌಚಾಲಯ, ಇಷ್ಟು ದಿನಕ್ಕೊಮ್ಮೆ ಹಾಸಿಗೆಗೆ ಬಿಸಿಲು, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು, ಔಷಧಿ ಪೆಟ್ಟಿಗೆ, ನೀರಿನ ಟ್ಯಾಂಕು, ಎಲ್ಲಕ್ಕೂ ಒಂದೊಂದು ಕಾರ್ಡು, ಪ್ರತಿ ಕಾರ್ಡಿನ ಮೇಲೆ ಸಮಿತಿಯ ಒಬ್ಬರ ಸಹಿ. ಆ ಸಹಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಧಾಮವನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿಯನ್ನು ಹುಡುಗಿಯರು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಉಡುಪಿಯ ಮಾಧ್ವರ ಮನೆಯವರು, ಐವತ್ತರ ಹತ್ತಿರ, ಬಡಕಲು ಮೈ. ಬೆಳಿಗ್ಗೆ ಆರೂವರೆಗೆ ಬಂದು ಹುಡುಗಿಯರ ರಾತ್ರಿ ಊಟ ಮುಗಿಸಿ ಮನೆಗೆ ಹೋಗುತ್ತಿದ್ದರು. ಕೆಲಸದಲ್ಲಿ ಎದ್ದು ಕಾಣುವ ತಪ್ಪೇನೂ ಇರಲಿಲ್ಲ, ಅದೇ ನನಗೆ ಸೇರುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಬಚ್ಚಲುಮನೆಯ ನೆಲ ಒಣಗಿರುತ್ತಿತ್ತು. ಇಪ್ಪತ್ತಾರು ಹುಡುಗಿಯರು ಸ್ನಾನ ಮಾಡಿದ ನೆಲ ಹನ್ನೊಂದಕ್ಕೆ ಒಣಗುತ್ತದೆಯೇ? ಹೇಳದೆ ಕೇಳದೆ ಒಂದು ಮಂಗಳವಾರ ಏಳು ಗಂಟೆಗೇ ಹೋಗಿ ನಿಂತೆ. ಹುಡುಗಿಯರು ಸ್ನಾನ ಮುಗಿಸಿ ಬಂದ ಕೂಡಲೇ ದೊಡ್ಡವಳೊಬ್ಬಳು ರಬ್ಬರ್ ಪಟ್ಟಿಯ ಕೋಲಿನಿಂದ ನೀರು ಎಳೆದುಹಾಕುತ್ತಿದ್ದಳು. ಸರಿ, ಆ ಅನುಮಾನ ಹೋಯಿತು. ಸಾಬೂನು ಯಾಕೆ ಇಷ್ಟು ಹೊಸದು ಎಂಬ ಇನ್ನೊಂದು ಹುಟ್ಟಿತು.

ನಿಜ ಹೇಳಬೇಕೆಂದರೆ ಅವರ ಮೌನವೇ ನನಗೆ ಆಗುತ್ತಿರಲಿಲ್ಲ. ನಾವು ವಿಜಯಪುರದ ಕಡೆಯವರು, ಹೊಟ್ಟೆಯಲ್ಲಿದ್ದದ್ದು ಬಾಯಲ್ಲಿ. ಅವರು ನಾನು ಹತ್ತು ಮಾತು ಕೇಳಿದರೆ "ಹ್ಞೂಂ, ಉಂಟು", "ಇಲ್ಲ ಅಕ್ಕ" ಎಂದು ಎರಡರಲ್ಲಿ ಮುಗಿಸುತ್ತಿದ್ದರು. ಇಷ್ಟು ಕಡಿಮೆ ಮಾತಾಡುವವರು ಏನನ್ನೋ ಮುಚ್ಚಿಟ್ಟಿರಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಏನು ಎಂಬುದಷ್ಟೇ ಬಾಕಿ.

ಅದು ಮಳೆಗಾಲದ ಒಂದು ಬೆಳಿಗ್ಗೆ ಸಿಕ್ಕಿತು, ಅಥವಾ ಸಿಕ್ಕಿತು ಎಂದುಕೊಂಡೆ. ಎಂಟು ಹುಡುಗಿಯರಿಗೆ ವಾಂತಿಭೇದಿ ಎಂದು ಫೋನು ಬಂತು. ಶೇರ್ ರಿಕ್ಷಾಕ್ಕೆ ಕಾಯುವಷ್ಟು ತಾಳ್ಮೆಯಿಲ್ಲದೆ ಒಬ್ಬಳೇ ರಿಕ್ಷಾ ಮಾಡಿಕೊಂಡು ಹೋದೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಆಗಲೇ ಕಲ್ಯಾಣದ ಆಸ್ಪತ್ರೆಗೆ ಒಯ್ದು ಸಲಾಯಿನ್ ಹಚ್ಚಿದ್ದರು. ಎಲ್ಲರಿಗಿಂತ ಸಣ್ಣ ಮೈಯ ಮಗು ಅದು, ನಾನು ಹೋದಾಗಲೆಲ್ಲ ನನ್ನ ಚೀಲ ಹಿಡಿದುಕೊಳ್ಳಲು ಓಡಿ ಬರುತ್ತಿತ್ತು. ಉಳಿದವರು ಚಾಪೆಯ ಮೇಲೆ ಬಾಡಿದ ಮುಖ ಮಾಡಿಕೊಂಡು ಬಿದ್ದಿದ್ದರು. ನೇರ ಅಡುಗೆಮನೆಗೆ ನಡೆದೆ.

ಅಡುಗೆಮನೆಯ ಬಾಗಿಲಿಗೆ ಒಂದು ವಹಿ ತೂಗುಹಾಕಿರುತ್ತಿತ್ತು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು, ಅಡುಗೆಯವಳಲ್ಲದ ದೊಡ್ಡವರೊಬ್ಬರು ಪ್ರತಿ ಪದಾರ್ಥವನ್ನೂ ತಿಂದು ನೋಡಬೇಕು, ಹೇಗಿತ್ತೆಂದು ಬರೆದು ಸಹಿ ಹಾಕಬೇಕು. ಮರಾಠಿಯಲ್ಲಿ ರುಚಿಗೆ ಚವ್ ಎನ್ನುವುದರಿಂದ ಅದಕ್ಕೆ ಅಲ್ಲಿ ಚವ್ ರಜಿಸ್ಟರ್ ಎಂದೇ ಹೆಸರು. ಹಿಂದಿನ ದಿನದ ಪುಟ ತೆಗೆದೆ. ಅನ್ನ, ಬೇಳೆಸಾರು, ಸೋರೆಕಾಯಿ ಪಲ್ಯ. "ಸಾರಿಗೆ ಉಪ್ಪು ಹೆಚ್ಚು, ಆಲೂಗಡ್ಡೆ ಹಾಕಿ ಸರಿ ಮಾಡಿಸಿದೆ." ಕೆಳಗೆ ಮೌಶಿಯ ಸಹಿ. ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ಕ್ಯಾಲೆಂಡರ್. ಹಿಂದಿನ ದಿನ ಏಕಾದಶಿ.

ನಮ್ಮ ಮನೆಯಲ್ಲೂ ಏಕಾದಶಿ ಇದೆ. ಆದರೆ ಮಹಾರಾಷ್ಟ್ರಕ್ಕೆ ಬಂದು ಮೂವತ್ತೈದು ವರ್ಷದಲ್ಲಿ ಅದು ಸಾಬುದಾಣೆ ಖಿಚಡಿ, ಶೇಂಗಾ ಚಟ್ನಿ, ಬಟಾಟೆ ಪಲ್ಯದ ಹಬ್ಬವಾಗಿ ಹೋಗಿದೆ. ಅಂದು ನಾವು ಬೇರೆ ದಿನಕ್ಕಿಂತ ಹೆಚ್ಚು ತಿನ್ನುತ್ತೇವೆ. ಮೌಶಿಯದು ಹಾಗಲ್ಲ. ಕನ್ನಡ ಸಂಘದ ಒಂದು ಸಮಾರಂಭ ಏಕಾದಶಿಯಂದು ಬಂದಿದ್ದಾಗ, ಮೇ ತಿಂಗಳ ಸೆಕೆಯಲ್ಲಿ ಲೋಟ ನೀರು ಕೊಟ್ಟರೂ ಅವರು ಕೈಮುಗಿದು ಬೇಡ ಎಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ನೀರನ್ನೂ ಮುಟ್ಟದ ಹೆಂಗಸು ಅನ್ನ ಸಾರು ತಿಂದು ನೋಡಿದ್ದಾಳೆಯೇ? ನಾನು ವಹಿಯನ್ನು ಹಿಂದಕ್ಕೆ ಮಗುಚುತ್ತಾ ಹೋದೆ. ಎರಡು ವರ್ಷದ ಪ್ರತಿ ಏಕಾದಶಿಗೂ ಸಹಿ ಇತ್ತು. ಪ್ರತಿ ಸಹಿಯ ಮೇಲೂ ಉಪ್ಪು, ಹುಳಿ, ಬೆಂದದ್ದು ಬೇಯದ್ದು ಎಂದು ಏನಾದರೊಂದು ಟಿಪ್ಪಣಿ. ಸುಳ್ಳನ್ನು ಎಷ್ಟು ಚೆಂದ ಮಾಡಿ ಬರೆದಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ನಾಚಿಕೆ ಪಡದೆ ಹೇಳುತ್ತೇನೆ, ಉರಿಯ ಜೊತೆಗೆ ಒಂದು ಖುಷಿಯೂ ಇತ್ತು. ಕೊನೆಗೂ ಸಿಕ್ಕಿಬಿದ್ದಳು ಎನ್ನುವ ಖುಷಿ.

ಮರುದಿನವೇ ಸಮಿತಿಯ ಸಭೆ. ಅಡುಗೆಮನೆಯ ಫ್ರಿಜ್ಜಿನಲ್ಲಿ ಒಂದು ದಿನದ ಮಟ್ಟಿಗೆ ತೆಗೆದಿಡುವ ಮಾದರಿ ಊಟವನ್ನೂ ನಲ್ಲಿಯ ನೀರನ್ನೂ ಠಾಣೆ ಶಹರದ ಪ್ರಯೋಗಾಲಯಕ್ಕೆ ಕಳಿಸಿದ್ದರು, ವರದಿ ಬರಬೇಕಿತ್ತು. ಶಿಕ್ಷಕಿಯರಿಬ್ಬರೂ ಅದು ಬರುವವರೆಗೆ ಕಾಯೋಣ ಎಂದರು. ನನಗೆ ಕಾಯುವುದು ಎಲ್ಲಿ ಗೊತ್ತು? ವಹಿಯನ್ನು ಮೇಜಿನ ಮೇಲೆ ಹಾಕಿ, ಏಕಾದಶಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಮೌಶಿಯನ್ನು ಕರೆಸಿದರು. ಅವರು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತರು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತು ಬಂದ ಕಣ್ಣುಗಳು ಕೆಂಪಾಗಿದ್ದವು. ಅದನ್ನೂ ನಾನು ಹೆದರಿಕೆ ಎಂದೇ ಲೆಕ್ಕ ಹಿಡಿದೆ.

ಮೊನ್ನೆ ಊಟ ತಿಂದು ನೋಡಿದಿರಾ ಎಂದು ಅಧ್ಯಕ್ಷರು ಕೇಳಿದರು. ನೋಡಿದ್ದೇನೆ ಎಂದರು. ಏಕಾದಶಿ ದಿನವೂ ತಿಂದಿರಾ ಎಂದು ನಾನು ಕೇಳಿದೆ. ಏಕಾದಶಿ ದಿನವೂ ಎಂದರು.

"ಹಂಗಾದ್ರ ಒಂದು ಹೇಳ್ರಿ. ನಿಮ್ಮ ಉಪವಾಸ ಸುಳ್ಳೋ, ಸಹಿ ಸುಳ್ಳೋ?"

ಅವರು ಒಮ್ಮೆ ಹೋಟೆಲ್ ಮಾಲೀಕರ ಕಡೆ ನೋಡಿದರು. ಆ ಮಾಲೀಕರೂ ಮೌಶಿಯ ಮನೆಯವರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು, ಮೌಶಿಯ ಗಂಡ ಅವರ ಹೋಟೆಲಿನಲ್ಲೇ ಅಡುಗೆ ಭಟ್ಟರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

"ಉಪವಾಸ ಸುಳ್ಳು" ಎಂದರು ಮೌಶಿ.

ಹೋಟೆಲ್ ಮಾಲೀಕರು ತಲೆ ತಗ್ಗಿಸಿ ಕೈಗಡಿಯಾರ ನೋಡಿಕೊಂಡರು. ನಾನು ನಂಬಿದೆನೇ? ಎಲ್ಲಿಂದ. ಕೆಲಸ ಉಳಿಸಿಕೊಳ್ಳಲಿಕ್ಕೆ ದೇವರ ವ್ರತವನ್ನೂ ಬಿಟ್ಟುಕೊಡುತ್ತಾಳಲ್ಲ ಎಂದು ಇನ್ನೊಂದು ಕಲ್ಲು ಮನಸ್ಸಿನಲ್ಲೇ ಎಸೆದೆ. ವರದಿ ಬರುವವರೆಗೆ ಮೌಶಿ ಮನೆಯಲ್ಲಿರಬೇಕು, ತಪ್ಪು ಖಚಿತವಾದರೆ ಕೆಲಸದಿಂದ ತೆಗೆಯಬೇಕು ಎಂದು ತೀರ್ಮಾನವಾಯಿತು. ಅವರು ಅಡುಗೆಮನೆಯ ಬೀಗದ ಕೈ ಮೇಜಿನ ಮೇಲಿಟ್ಟು, ಆಸ್ಪತ್ರೆಯಲ್ಲಿರುವ ಹುಡುಗಿಗೆ ಗಂಜಿ ಉಪ್ಪಿಲ್ಲದೆ ಕೊಟ್ಟರೆ ಕುಡಿಯುವುದಿಲ್ಲ ಎಂದಷ್ಟೇ ಹೇಳಿ ಹೋದರು.

ಅವರು ಇಲ್ಲದ ದಿನಗಳಲ್ಲಿ ಧಾಮವನ್ನು ನೋಡಿಕೊಳ್ಳಲು ನಾನೇ ಹೋದೆ. ಎರಡನೆಯ ದಿನ ಮಧ್ಯಾಹ್ನ ಊಟದ ಮೊದಲು ಚಮಚ ಹಿಡಿದು ನಿಂತಿದ್ದಾಗ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಏನು ಎಂದೆ. ಮೌಶಿ ತಿಂದ ಹಾಗೆ ನೀವು ತಿನ್ನುವುದಿಲ್ಲ ಎಂದಳು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ. ಹೇಗೆ ತಿನ್ನುತ್ತಿದ್ದರು ತೋರಿಸು ಎಂದೆ. ಅವಳು ದಿನಸಿ ಕೋಣೆಯ ಬಾಗಿಲ ಹಿಂದೆ ಹೋಗಿ ನಿಂತಳು. ಗೋಡೆಯ ಕಡೆ ಮುಖ ಮಾಡಿ ಬಾಯಿಗೆ ಚಮಚ ಹಾಕಿಕೊಂಡಂತೆ ಮಾಡಿದಳು, ನುಂಗಿದಳು, ಬಾಯಿ ಮುಕ್ಕಳಿಸಿದಳು. ಆಮೇಲೆ ಎರಡೂ ಕೈಯಿಂದ ಕೆನ್ನೆ ಕೆನ್ನೆ ಬಡಿದುಕೊಂಡು ಕಣ್ಣುಮುಚ್ಚಿ ನಿಂತಳು. ದಿನಾಲೂ ಹೀಗೆಯೇ ಎಂದು ಕೇಳಿದೆ. ಬೇರೆ ದಿನ ಎಲ್ಲರ ಮುಂದೆ ತಿನ್ನುತ್ತಾರೆ, ಹೀಗೆ ಮಾಡುವುದು ತಿಂಗಳಿಗೆ ಎರಡು ಸಲ ಮಾತ್ರ, ನಾವು ಬಾಗಿಲ ಸಂದಿಯಿಂದ ನೋಡುತ್ತೇವೆ ಎಂದು ಹುಡುಗಿ ನಕ್ಕಳು. ಅವರಿಗೆ ಅದೊಂದು ಆಟವಾಗಿತ್ತು. ಅಡುಗೆಯವಳನ್ನು ಕೇಳಿದರೆ, ಉಪ್ಪು ಹೆಚ್ಚಾಗಿದೆ ಎಂದು ಆವತ್ತು ಆಲೂಗಡ್ಡೆ ಹಾಕಿಸಿದ್ದು ಮೌಶಿಯೇ, ತಿನ್ನದೆ ಅದು ಹೇಗೆ ಗೊತ್ತಾಗುತ್ತದೆ ಎಂದು ನನ್ನನ್ನೇ ತಿರುಗಿ ಕೇಳಿದಳು.

ಚಮಚ ನನ್ನ ಕೈಯಲ್ಲೇ ಉಳಿಯಿತು. ಸಹಿ ನಿಜ, ಉಪವಾಸ ಸುಳ್ಳು. ಅವರು ಸಭೆಯಲ್ಲಿ ಹೇಳಿದ್ದು ಅಷ್ಟೇ ಅಲ್ಲವೇ? ಇಪ್ಪತ್ತೊಂಬತ್ತು ವರ್ಷ ತಪ್ಪು ಹುಡುಕಿದವಳಿಗೆ ನಿಜ ಎದುರಿಗೆ ಬಂದು ನಿಂತರೆ ಗುರುತೇ ಸಿಗಲಿಲ್ಲ.

ಹಾಗಾದರೆ ಮಕ್ಕಳು ಕಾಯಿಲೆ ಬಿದ್ದದ್ದು ಯಾತರಿಂದ? ಸಂಜೆ ವರದಿ ಬಂತು. ಊಟದಲ್ಲಿ ದೋಷವಿಲ್ಲ, ನೀರು ಕುಡಿಯಲು ಯೋಗ್ಯವಲ್ಲ. ಕಾವಲುಗಾರನನ್ನು ಕರೆದು ಟೆರೇಸಿನ ಬೀಗ ತೆಗೆಸಿದೆ. ಮೂರು ಮಹಡಿ ನನ್ನ ಮೊಣಕಾಲಿಗೆ ಮೂರು ಬೆಟ್ಟ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಅಯ್ಯಪ್ಪಾ ಎನ್ನುತ್ತಾ ಹತ್ತಿದೆ. ಟ್ಯಾಂಕಿನ ಮುಚ್ಚಳ ಅರ್ಧ ಮುರಿದು, ಅದರ ಮೇಲೆ ಹರಿದ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಒಳಗೆ ಪಾರಿವಾಳದ ಗರಿಗಳು ತೇಲುತ್ತಿದ್ದವು. ತಳದಲ್ಲಿ ಬೆರಳುದ್ದದ ಕೆಸರು. ವಾಸನೆಯನ್ನು ಬರೆಯುವುದು ಬೇಡ. ತೊಳೆಯುವವರು ಯಾವಾಗ ಬಂದಿದ್ದರು ಎಂದು ಕೇಳಿದರೆ ಕಾವಲುಗಾರ ತಲೆ ಕೆರೆದುಕೊಂಡ. ಕಳೆದ ವರ್ಷವೋ ಏನೋ, ನೀವು ಕೇಳಿದಾಗಲೆಲ್ಲ ಹೋ ಗಯಾ ಅಂತ ಹೇಳಿದೆ ಎಂದ.

ಟ್ಯಾಂಕಿನ ಕಾರ್ಡು ಕೆಳಗೆ ಮೆಟ್ಟಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಮೂರು ತಿಂಗಳಿಗೊಂದರಂತೆ ಮೂರು ಸಹಿ. ಸಹಿಯ ಮೇಲೆ ಅಚ್ಚಾದ ಸಾಲು: ಟ್ಯಾಂಕು ತೊಳೆದದ್ದನ್ನು ಸ್ವತಃ ನೋಡಿದ್ದೇನೆ. ಮೂರೂ ನನ್ನವು. ಮೂರೂ ಸಲ ನಾನು ಆಫೀಸಿನ ಕುರ್ಚಿಯಲ್ಲಿ ಕೂತು, ಮೌಶಿ ತಂದುಕೊಟ್ಟ ಚಹಾ ಕುಡಿಯುತ್ತಾ, ಮೊಣಕಾಲು ಉಜ್ಜಿಕೊಳ್ಳುತ್ತಾ, ಕಾವಲುಗಾರನ ಬಾಯಿಮಾತಿನ ಮೇಲೆ ಸಹಿ ಹಾಕಿದ್ದೆ. ಸಾಬೂನಿನ ಹೊಸತನವನ್ನು ಅನುಮಾನಿಸಿದವಳು, ದಿಂಬು ಮೂಸುವವಳು, ನಾನು. ನನ್ನ ಚೀಲ ಹಿಡಿಯಲು ಓಡಿ ಬರುತ್ತಿದ್ದ ಮಗುವಿನ ಕೈಗೆ ಸೂಜಿ ಚುಚ್ಚಿಸಿದ್ದು ಈ ಸಹಿ.

ಆ ಕಾರ್ಡನ್ನು ಹರಿದು ಚೀಲಕ್ಕೆ ಹಾಕಿಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಯಾರೂ ನೋಡುತ್ತಿರಲಿಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತೇ ಅಲ್ಲಿ ನಿಂತಿದ್ದೆ, ಇದನ್ನೂ ಬರೆಯಬೇಕು. ಕೊನೆಗೆ ಮೊಳೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಕಲ್ಯಾಣದ ಲೋಕಲ್ ರೈಲು ಹತ್ತಿದೆ. ಅಧ್ಯಕ್ಷರ ಅಂಗಡಿಯಲ್ಲಿ ಅದನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿದರು. ತೊಳೆಯುವವರ ಮೋಸ ಅದು, ನಿಮ್ಮ ಕಾಲು ಯಾರಿಗೆ ಗೊತ್ತಿಲ್ಲ, ಹೊಸ ಕಾರ್ಡು ಮಾಡಿಸಿದರಾಯಿತು ಬಿಡಿ ಎಂದರು. ಎಷ್ಟು ಬೇಗ ಕ್ಷಮಿಸಿಬಿಟ್ಟರು! ಮೌಶಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದವರು ನನಗೆ ಕುರ್ಚಿ ಹಾಕಿ ಕೋಕಂ ಶರಬತ್ತು ತರಿಸಿದರು. ನಾನು ಲೋಟ ಮುಟ್ಟಲಿಲ್ಲ. ಮತ್ತೆ ಸಭೆ ಕರೆಯಿರಿ, ಎಲ್ಲರ ಮುಂದೆ ಹೇಳುತ್ತೇನೆ ಎಂದು ಹಟ ಹಿಡಿದೆ. ಸಭೆಯಾಯಿತು, ಹೇಳಿದೆ. ಟ್ಯಾಂಕು ತೊಳೆಸಿದರು, ಮುಚ್ಚಳ ಹೊಸದಾಯಿತು, ಮೌಶಿಗೆ ವಾಪಸು ಬರಲು ಹೇಳಿ ಕಳಿಸಿದರು. ಆಸ್ಪತ್ರೆಯ ಮಗು ನಾಲ್ಕನೆಯ ದಿನ ನಗುತ್ತಾ ಬಂತು. ನನ್ನನ್ನೂ ಸಮಿತಿಯಲ್ಲಿ ಉಳಿಸಿಕೊಂಡರು, ನಾನು ಬೇಡವೆಂದರೂ.

ಹೇಳಿ ಕಳಿಸಿದ್ದು ಸಾಲದೆಂದು ಮೌಶಿಯ ಮನೆಗೆ ನಾನೇ ಹೋದೆ. ಎರಡು ಕೋಣೆಯ ಮನೆ. ಅತ್ತೆ ಒಳಗೆ ದೇವರಿಗೆ ಅಡುಗೆ ಮಾಡುತ್ತಿದ್ದರು, ಎಂಬತ್ತು ದಾಟಿದ ನಡುಗುವ ಕೈ. ಮೌಶಿ ಹೊರಗಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದರು. ಸೊಪ್ಪನ್ನು ಒಳಗೆ ಒಯ್ಯದೆ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು, ಅತ್ತೆ ಬಂದು ಎತ್ತಿಕೊಂಡು ಹೋದರು. ಇಪ್ಪತ್ತೇಳು ವರ್ಷ ನಸುಕಿನಲ್ಲೆದ್ದು ಮೌಶಿಯೇ ನೈವೇದ್ಯ ಮಾಡಿದ ಒಲೆ ಅದು. ಹೋಟೆಲಿನಿಂದ ಸುದ್ದಿ ಮೊದಲ ಸಭೆಯ ದಿನವೇ ಮನೆ ಮುಟ್ಟಿತ್ತು. ಏಕಾದಶಿಯಲ್ಲಿ ಅನ್ನ ತಿಂದು ಎರಡು ವರ್ಷ ದೇವರ ಅಡುಗೆ ಮುಟ್ಟಿದಳು ಎಂದು ಅತ್ತೆ, ಗಂಡ ಇಬ್ಬರೂ ಮಾತು ಬಿಟ್ಟಿದ್ದರು.

ತಪ್ಪಾಯಿತು ಎಂದೆ. ಅವರು ಬಸಳೆಯ ದಂಟು ಮುರಿಯುತ್ತಲೇ ಇದ್ದರು. ತಿಂದು ಉಗುಳಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ, ಬೇರೇನು ಕೇಳಬೇಕೆಂದು ತೋಚದೆ.

"ಮಕ್ಕಳ ಅನ್ನ ಅಲ್ವಾ ಅಕ್ಕ, ಉಗುಳ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಏಕಾದಶಿ, ಸಾರನ್ನು ಬರೀ ಮೂಸಿ ನೋಡಿ ಸಹಿ ಹಾಕಿದ್ದರಂತೆ. ಸಾರು ಹಳಸಿತ್ತು. ನಾಲ್ಕು ಹುಡುಗಿಯರು ಮಧ್ಯಾಹ್ನವೆಲ್ಲ ವಾಂತಿ ಮಾಡಿದರು. ಯಾರೂ ಅವರನ್ನು ಕೇಳಲಿಲ್ಲ, ಬೈಯಲಿಲ್ಲ. ಮುಂದಿನ ಏಕಾದಶಿಯಿಂದ ಬಾಗಿಲ ಹಿಂದೆ ನಿಂತು ತಿನ್ನಲು ಶುರು ಮಾಡಿದರು. ಇದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿದ್ದೆನೇ?

ಇನ್ನು ಮೇಲೆ ಪ್ರತಿ ಏಕಾದಶಿಗೂ ನಾನು ಬರುತ್ತೇನೆ, ನಾನು ತಿಂದು ಸಹಿ ಹಾಕುತ್ತೇನೆ, ನೀವು ನಿಮ್ಮ ಉಪವಾಸ ಮಾಡಿ, ನಿಮ್ಮ ಒಲೆ ನಿಮಗೆ ಸಿಗಲಿ ಎಂದೆ. ಅಳು ಬಂದಿತ್ತು ನನಗೆ. ಒಳಗಿದ್ದ ಅತ್ತೆಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಮೌಶಿ ತಲೆಯಾಡಿಸಿ, ಬನ್ನಿ ಎಂದರು.

ಮುಂದಿನ ಏಕಾದಶಿಗೆ ಮೊದಲು ಟೆರೇಸು ಹತ್ತಿ ಟ್ಯಾಂಕು ನೋಡಿ, ಆಮೇಲೆ ಅಡುಗೆಮನೆಗೆ ಬಂದೆ. ಅನ್ನ, ತೊಂಡೆಕಾಯಿ ಪಲ್ಯ, ಟೊಮೆಟೊ ಸಾರು. ಮೂರನ್ನೂ ಒಂದೊಂದು ಚಮಚ ತಿಂದೆ. "ಚೆನ್ನಾಗಿದೆ" ಎಂದು ಬರೆದು ದೊಡ್ಡದಾಗಿ ಸಹಿ ಹಾಕಿ ವಹಿಯನ್ನು ಮೌಶಿಯ ಕಡೆ ತಿರುಗಿಸಿದೆ. ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಮೌಶಿ ನನ್ನ ಸಹಿಯನ್ನು ನೋಡಿದರು. ಆಮೇಲೆ ಒಂದು ಚಮಚ ತೊಳೆದುಕೊಂಡು, ಈ ಸಲ ಬಾಗಿಲ ಹಿಂದೆ ಹೋಗದೆ, ಎಲ್ಲರ ಎದುರಿಗೇ ಅನ್ನಕ್ಕೆ ಸಾರು ಹಾಕಿಕೊಂಡು ಬಾಯಿಗಿಟ್ಟುಕೊಂಡರು.

"ನಾ ತಿಂದು ನೋಡೀನಲ್ರಿ" ಎಂದೆ.

"ಗೊತ್ತುಂಟು ಅಕ್ಕ. ಆದ್ರೆ ನಿಮ್ಮ ಸಹಿ ನೋಡಿ ಮಕ್ಕಳಿಗೆ ಬಡಿಸ್ಲಿಕ್ಕೆ ನಂಗೆ ಧೈರ್ಯ ಸಾಲುದಿಲ್ಲ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅವರು ಬಾಯಿ ಮುಕ್ಕಳಿಸಿ ಬಂದು, ಕೆನ್ನೆ ಕೆನ್ನೆ ಬಡಿದುಕೊಂಡು, ನನ್ನ ಸಹಿಯ ಕೆಳಗೆ "ಸಾರಿಗೆ ಹುಳಿ ಹೆಚ್ಚು, ಬೆಲ್ಲ ಹಾಕಿಸಿದೆ" ಎಂದು ಬರೆದು ತಮ್ಮ ಸಹಿ ಹಾಕಿದರು. ಅಡುಗೆಯವಳು ಬೆಲ್ಲದ ಡಬ್ಬಿ ತೆಗೆಯುವಷ್ಟರಲ್ಲಿ ನಾನು ಇನ್ನೊಂದು ಚಮಚ ಸಾರು ತೆಗೆದು ನಾಲಗೆಗೆ ಹಚ್ಚಿ ನೋಡಿದೆ. ಹುಳಿ ಹೆಚ್ಚಾಗಿಯೇ ಇತ್ತು.